ಹಗುರ ರೈಫಲ್, ಭಾರದ ತುದಿ: ಥಾರ್ ಬೇಟೆಗೆ ಒಂದು ಕೋವಿಯ ಆಯ್ಕೆ

ಎಲ್ಲ ಸೇರಿ 3.2 ಕೆ.ಜಿ. ತೂಗುವ ರೈಫಲ್ ಸಿಗುವಂತಿದ್ದರೂ ಅದನ್ನು ಬಿಟ್ಟು 3.7 ಕೆ.ಜಿ.ಯದನ್ನು ಆರಿಸಿಕೊಂಡ ಪ್ರಕರಣವಿದು. ಆರಿಸಿಕೊಂಡವರು ಐವತ್ತು ದಾಟಿದ, 52 ಕೆ.ಜಿ. ತೂಕದ, ಐದಡಿ ಎರಡಂಗುಲ ಎತ್ತರದ ಮಹಿಳೆ. ಬೇಟೆ ಥಾರ್ ಎಂಬ ಬೆಟ್ಟದ ಕಾಡುಮೇಕೆಯದು, ಜಾಗ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪರ್ವತಸಾಲು. ಹಗುರವಾದಷ್ಟೂ ಒಳ್ಳೆಯದು ಎಂದು ಕಣ್ಣು ಮುಚ್ಚಿ ಹೇಳಬಹುದಾದ ಸಂದರ್ಭ. ನಮ್ಮ ಗುರಿ ಅಭ್ಯಾಸದ ಕ್ಲಬ್ಬಿನಲ್ಲಿ ಹೆಚ್ಚಿನವರು ಹೇಳಿದ್ದೂ ಅದನ್ನೇ.

ಅವರು ವಿರಾಜಪೇಟೆ ಕಡೆಯ ಕಾಫಿ ತೋಟದ ಮನೆತನದವರು. ಇಲ್ಲಿ, ನ್ಯೂಜಿಲೆಂಡಿನಲ್ಲಿ, ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಅಕ್ಕ ಎಂದೇ ಕರೆಯುತ್ತೇನೆ. ಕೊಡಗಿನಲ್ಲಿ ಬೆಳೆದವರಿಗೆ ಕೋವಿ ಹೊಸದಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವುದನ್ನೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನೂ ಅಕ್ಕ ಚಿಕ್ಕಂದಿನಿಂದ ಕಂಡವರು, ಸ್ಪರ್ಧೆಯಲ್ಲಿ ಹೊಡೆದವರು ಕೂಡ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಇದ್ದರೂ ಬೇಟೆ ಇಲ್ಲ. ಅದು ಸರಿಯೇ. ಹಾಗಾಗಿ ಅವರ ಅನುಭವವೆಲ್ಲ ಅಜ್ಜನ ಜೋಡುನಳಿಗೆ ಕೋವಿಯದು. ಈ ಸಂಗತಿ ಮುಂದೆ ಆಯ್ಕೆಯ ನಡುವೆಯೇ ಅಡ್ಡ ಬಂದಿತು.

ನ್ಯೂಜಿಲೆಂಡಿನಲ್ಲಿ ಲೆಕ್ಕ ತಲೆಕೆಳಗು. ಹಿಮಾಲಯದ ಥಾರ್, ಅಂದರೆ ನಮ್ಮ ಪಶ್ಚಿಮ ಘಟ್ಟದ ನೀಲಗಿರಿ ಥಾರ್‌ನ ದೂರದ ನೆಂಟ, ಇಲ್ಲಿಗೆ ಬಂದದ್ದು 1904ರಲ್ಲಿ. ಇಂಗ್ಲೆಂಡಿನ ವೋಬರ್ನ್ ಉದ್ಯಾನದಿಂದ ಡ್ಯೂಕ್ ಆಫ್ ಬೆಡ್‌ಫರ್ಡ್ ಕಳುಹಿಸಿದ ಕೆಲವು ಪ್ರಾಣಿಗಳನ್ನು ಮೌಂಟ್ ಕುಕ್ ಬಳಿ ಬಿಟ್ಟರು. ಹಿಡಿದು ತಿನ್ನುವ ಪ್ರಾಣಿ ಇಲ್ಲದ ನಾಡಿನಲ್ಲಿ ಅವು ಬೆಳೆದು, ಬೇರೆಲ್ಲೂ ಇಲ್ಲದ ಪರ್ವತಸಸ್ಯಗಳನ್ನು ಮೇಯತೊಡಗಿದವು. 1993ರ ನಿಯಂತ್ರಣ ಯೋಜನೆ ಅವುಗಳ ಸಂಖ್ಯೆಗೆ 10,000ದ ಮಿತಿ ಹಾಕಿತು. ಸಂರಕ್ಷಣಾ ಇಲಾಖೆಯ ಅನುಮತಿಪತ್ರ ಪಡೆದು ಬೇಟೆಯಾಡುವುದು ಇಲ್ಲಿ ಕಾನೂನುಬದ್ಧ. ಹೆಣ್ಣು ಥಾರ್‌ಗಳನ್ನು ಹೊಡೆಯಿರಿ ಎಂದು ಇಲಾಖೆಯೇ ಉತ್ತೇಜಿಸುತ್ತದೆ.

ಅಕ್ಕ ಹೋಗಲು ಬಯಸಿದ್ದು ಟೆಕಾಪೊ ಸರೋವರದ ಮೇಲಿನ ಮಕಾಲೆ ಕಣಿವೆಗೆ, ನಡೆದೇ. ಹೆಲಿಕಾಪ್ಟರಿನಲ್ಲಿ ಇಳಿದು ಹೊಡೆಯುವುದು ಅವರಿಗೆ ಬೇಡವಾಗಿತ್ತು. ನದಿಯ ಉರುಟು ಕಲ್ಲಿನ ಹಾಸು, ಮಟಗೌರಿ ಎಂಬ ಮುಳ್ಳುಪೊದೆ, ಅದರ ಮೇಲೆ ಜಾರುವ ಹುಲ್ಲು, ಇನ್ನೂ ಮೇಲೆ ಕಾಲಿಟ್ಟರೆ ಹರಿಯುವ ಜಲ್ಲಿ ಇಳಿಜಾರು. ಗುಂಡು ಹೊಡೆಯುವ ಅವಕಾಶ ಸಾಮಾನ್ಯವಾಗಿ 150ರಿಂದ 300 ಮೀಟರ್ ದೂರದಲ್ಲಿ, ಎದುರಿನ ಇಳಿಜಾರಿಗೆ ಸಿಗುತ್ತದೆ. ಹೊಡೆಯುವವರು ಕುಳಿತೋ ಬೆನ್ನುಚೀಲದ ಮೇಲೆ ಒರಗಿಸಿಯೋ ಹೊಡೆಯಬೇಕು.

ಅವರ ಕೈಯಲ್ಲಿದ್ದದ್ದು ಸಹೋದ್ಯೋಗಿಯೊಬ್ಬರಿಂದ ಎರವಲು ತಂದ, .270 ಎಂಬ ಅಳತೆಯ ತೋಟಾದ ರೈಫಲ್. ಆಕ್ರೋಟು ಮರದ ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿ), 61 ಸೆಂ.ಮೀ. ನಳಿಗೆ, ಮೇಲೆ 50 ಮಿ.ಮೀ. ಮುಂಗಾಜಿನ ದೊಡ್ಡ ಸ್ಕೋಪ್ (ಗುರಿ ನೋಡುವ ದುರ್ಬೀನು). ತೋಟಾ, ಹೆಗಲಪಟ್ಟಿ ಸಮೇತ ತಕ್ಕಡಿ ತೋರಿಸಿದ್ದು 4.6 ಕೆ.ಜಿ. ಒಂದು ಇಡೀ ದಿನ ಅದನ್ನು ಹೊತ್ತು ಬೆಟ್ಟ ಹತ್ತಿ ಬಂದ ಮೇಲೆ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: "ಮೂರೂವರೆ ಕಿಲೋ ಒಳಗೆ ಯಾವುದಿದೆ ಹೇಳಿ."

ಇಂಥ ಪ್ರಶ್ನೆಗೆ ಅಂಗಡಿಯ ಪಟ್ಟಿ ನೋಡಿ ಉತ್ತರ ಹೇಳುವುದು ಸುಲಭ. ತಯಾರಕರು ಬರೆಯುವುದು ಬರಿ ರೈಫಲಿನ ತೂಕ. ಸ್ಕೋಪ್, ಅದನ್ನು ಹಿಡಿಯುವ ಬಳೆಗಳು, ಪಟ್ಟಿ, ತೋಟಾ, ಇವೆಲ್ಲ ಅದರಲ್ಲಿ ಇರುವುದಿಲ್ಲ. ನ್ಯೂಜಿಲೆಂಡಿನಲ್ಲಿ ಇನ್ನೊಂದು ಸೇರುತ್ತದೆ. ಇಲ್ಲಿ ನಳಿಗೆಯ ತುದಿಗೆ ಸಪ್ರೆಸರ್, ಅಂದರೆ ಸದ್ದು ತಗ್ಗಿಸುವ ಕೊಳವೆ, ಹಾಕುವುದು ಕಾನೂನಿಗೆ ಒಪ್ಪಿತ, ಬೇಟೆಗಾರರಲ್ಲಿ ಬಹುಪಾಲು ರೂಢಿ. ಕಿವಿ ಉಳಿಯುತ್ತದೆ, ಒದೆತ ತಗ್ಗುತ್ತದೆ. ಅಕ್ಕನ ಒಂದು ಕಿವಿಯಲ್ಲಿ ಆಗಲೇ ಗುಂಯ್ ಎನ್ನುವ ಸದ್ದಿತ್ತು, ಆದ್ದರಿಂದ ಸಪ್ರೆಸರ್ ಇಲ್ಲದ ರೈಫಲಿನ ಮಾತೇ ಇರಲಿಲ್ಲ. ಈ ಪ್ರಕರಣದ ಗಂಟು ಇರುವುದೂ ಅಲ್ಲಿಯೇ.

ಎರಡು ರೈಫಲ್‌ಗಳು ಕಣದಲ್ಲಿ ಉಳಿದವು. ಒಂದು, ಅಮೆರಿಕದ ಕಿಂಬರ್ 84ಎಂ ಮೊಂಟಾನಾ, ಪರಿಚಿತರೊಬ್ಬರು ಮಾರಲು ಇಟ್ಟಿದ್ದದ್ದು. ಬರಿ ರೈಫಲ್ 2.3 ಕೆ.ಜಿ.ಗಿಂತ ತುಸು ಹೆಚ್ಚು. ಗಿಡ್ಡ ತೋಟಾಕ್ಕೆಂದೇ ಅಳತೆ ಮಾಡಿದ ಚಿಕ್ಕ ಆ್ಯಕ್ಷನ್ (ತೋಟಾ ಏರಿಸಿ ಹೊರಹಾಕುವ ಯಂತ್ರಭಾಗ), ಪೆನ್ಸಿಲಿನಂಥ ನಳಿಗೆ, ಕೆವ್ಲಾರ್ ಮತ್ತು ಕಾರ್ಬನ್ ನಾರಿನ ಸ್ಟಾಕ್. ಇನ್ನೊಂದು, ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್. 57 ಸೆಂ.ಮೀ. ನಳಿಗೆ, ಸುಮಾರು 2.9 ಕೆ.ಜಿ. ಟಿಕ್ಕಾದಲ್ಲಿ ಚಿಕ್ಕ ತೋಟಾಕ್ಕೂ ಉದ್ದ ತೋಟಾಕ್ಕೂ ಒಂದೇ ಉದ್ದದ ಆ್ಯಕ್ಷನ್, ಹಾಗಾಗಿ ಅಲ್ಲಿ ಸ್ವಲ್ಪ ಉಕ್ಕು ವ್ಯರ್ಥ. ಎರಡೂ 7 ಎಂಎಂ-08 ತೋಟಾದವು. ಈ ತೋಟಾದ ಮೇಲೆ ಹೆಚ್ಚು ಚರ್ಚೆ ನಡೆಯಲಿಲ್ಲ. 300 ಮೀಟರಿನೊಳಗಿನ ಥಾರ್‌ಗೆ 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ಧಾರಾಳ, .308 ತೋಟಾಕ್ಕಿಂತ ಒದೆತ ಕಡಿಮೆ, ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಎರಡಕ್ಕೂ ಒಂದೇ ಸ್ಕೋಪ್ ಎಂದು ಗೊತ್ತು ಮಾಡಿಕೊಂಡೆವು. 40 ಮಿ.ಮೀ. ಮುಂಗಾಜಿನದು, 360 ಗ್ರಾಂ. ಐವತ್ತರ ಗಾಜಿನ ಸ್ಕೋಪ್ ಬಿಡಿಸಿದ್ದು ತೂಕದ ಕಾರಣಕ್ಕಷ್ಟೇ ಅಲ್ಲ. ಅದು ನಳಿಗೆಗೆ ತಗಲದಂತೆ ಎತ್ತರದಲ್ಲಿ ಕೂರಬೇಕು. ಆಗ ಭಾರ ಮೇಲಕ್ಕೆ ಹೋಗಿ, ಹಗುರ ರೈಫಲ್ ಕೈಯಲ್ಲಿ ಪಕ್ಕಕ್ಕೆ ಉರುಳಲು ನೋಡುತ್ತದೆ. ಕೆನ್ನೆಯೂ ಸ್ಟಾಕ್ ಬಿಟ್ಟು ಎದ್ದಿರುತ್ತದೆ. ಎರವಲು ರೈಫಲಿನಲ್ಲಿ ಅಕ್ಕ ಗದ್ದವನ್ನು ಒತ್ತಿ ಹೊಡೆಯುತ್ತಿದ್ದರು, ಕೆನ್ನೆಯನ್ನಲ್ಲ.

ಸ್ಕೋಪ್ ಹಾಕಿ, ತೋಟಾ ಕೂರುವ ಕೋಣೆ ಖಾಲಿಯೆಂದು ಇಬ್ಬರೂ ನೋಡಿಕೊಂಡು, ರೈಫಲನ್ನು ಕಿರಿದಾದ ಮರದ ಪಟ್ಟಿಯ ಮೇಲೆ ಅಡ್ಡಲಾಗಿ ಇಟ್ಟು ಎಲ್ಲಿ ತೂಗಿ ನಿಲ್ಲುತ್ತದೆಂದು ಗುರುತು ಹಾಕಿದೆವು. ತೋಟಾವನ್ನು ಒಳಕ್ಕೆ ತಳ್ಳುವ ಬೋಲ್ಟ್ ಒಳಗೇ ಇರಬೇಕು, ಇಲ್ಲದಿದ್ದರೆ ಈ ಸಮತೋಲದ ಬಿಂದು ಸುಳ್ಳಾಗುತ್ತದೆ. ಸಪ್ರೆಸರ್ ಇಲ್ಲದೆ ಎರಡೂ ಚೆನ್ನಾಗಿಯೇ ನಿಂತವು. ತೋಟಾ ತುಂಬುವ ಮ್ಯಾಗಜೀನಿನ ತುಸು ಮುಂದೆ, ಎಡಗೈ ಸಹಜವಾಗಿ ಹಿಡಿಯುವ ಜಾಗದಲ್ಲಿ. ಕಿಂಬರಿನದು ಇನ್ನೂ ಸೊಗಸು: ಅದರ ಮ್ಯಾಗಜೀನ್ ಕೆಳಕ್ಕೆ ಚಾಚುವುದಿಲ್ಲ, ಒಂದೇ ಕೈಯಲ್ಲಿ ಹಿಡಿದು ನಡೆಯುವಾಗ ಬೆರಳಿಗೆ ಏನೂ ತಡೆಯುವುದಿಲ್ಲ. ಅಕ್ಕನ ಮುಖ ಅರಳಿತು. ಹೆಗಲಿಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. "ಅಜ್ಜನ ಕೋವಿ ಹೀಗೇ ಏಳುತ್ತಿತ್ತು" ಎಂದರು.

ಅಲ್ಲಿ ನಾನು ತಡೆದೆ. ಜೋಡುನಳಿಗೆ ಕೋವಿಯನ್ನು ಮಾಡುವವರು ಅದರ ಭಾರ ಮಡಚುವ ಕೀಲಿನ ಹತ್ತಿರ, ಎರಡು ಕೈಗಳ ನಡುವೆ ಬೀಳುವಂತೆ ನೋಡುತ್ತಾರೆ. ಹಾರುವ ಹಕ್ಕಿಯ ಹಿಂದೆ ತುದಿ ಥಟ್ಟನೆ ತಿರುಗಬೇಕಲ್ಲ. ಭಾರ ನಡುವಿನಲ್ಲಿದ್ದಷ್ಟೂ ತಿರುಗಿಸಲು ಕಡಿಮೆ ಬಲ ಸಾಕು. ಆದರೆ ತಿರುಗಿಸಲು ಸುಲಭವಾದದ್ದು ನಡುಗಲೂ ಸುಲಭ. ನಿಂತ ಥಾರ್‌ಗೆ 250 ಮೀಟರಿನಿಂದ, ಏದುಸಿರು ಬಿಡುತ್ತ ಹೊಡೆಯುವಾಗ ಬೇಕಾದದ್ದು ಚುರುಕು ಅಲ್ಲ, ನಿಲುಗಡೆ. ಒಂದೇ ತೂಕದ ಎರಡು ರೈಫಲ್‌ಗಳಲ್ಲಿ ತುದಿಯ ಕಡೆಗೆ ಒಂದಿಷ್ಟು ಭಾರ ಇದ್ದದ್ದು ಎದೆಬಡಿತಕ್ಕೆ ನಿಧಾನವಾಗಿ ಅಲುಗುತ್ತದೆ, ಏಕೆಂದರೆ ಅಲುಗಾಟಕ್ಕೆ ಒಡ್ಡುವ ತಡೆ ದೂರದ ವರ್ಗದಂತೆ ಬೆಳೆಯುತ್ತದೆ. ಅಂಗಡಿಯಲ್ಲಿ ಹೆಗಲಿಗೇರಿಸಿದಾಗ ಹಿತವೆನಿಸುವ ಹಗುರ ರೈಫಲ್ ಬೆಟ್ಟದಲ್ಲಿ ಗುರಿ ತಪ್ಪಿಸುವುದು ಹೀಗೆ. ಅಂಗಡಿಯಲ್ಲಿ ಯಾರೂ ಏದುಸಿರು ಬಿಡುತ್ತಿರುವುದಿಲ್ಲ.

ಹಾಗೆಂದು ತುದಿಯ ಭಾರ ಎಷ್ಟಿದ್ದರೂ ಸರಿಯೆ? ಸಪ್ರೆಸರ್ ತಿರುಗಿಸಿದಾಗ ಉತ್ತರ ಸಿಕ್ಕಿತು. ಮೊದಲು ಹಾಕಿದ್ದು ನಳಿಗೆಯ ಬಾಯಿಗೆ ಮಾತ್ರ ಕೂರುವ ಸಾಮಾನ್ಯ ಬಗೆಯದು, 350 ಗ್ರಾಂ. ಸಮತೋಲದ ಬಿಂದುವಿನಿಂದ ಅದರ ನಡುವಿಗೆ ಸುಮಾರು 60 ಸೆಂ.ಮೀ. ಟಿಕ್ಕಾದ ಬಿಂದು ಐದೂವರೆ ಸೆಂ.ಮೀ. ಮುಂದಕ್ಕೆ ಓಡಿತು. ಕಿಂಬರಿನದು ಹೆಚ್ಚುಕಡಿಮೆ ಏಳು. ಕಾರಣ ಸರಳ ಗಣಿತ: ತುದಿಯಲ್ಲಿ ಸೇರಿಸಿದ ಭಾರವನ್ನು ದೂರದಿಂದ ಗುಣಿಸಿ ಒಟ್ಟು ತೂಕದಿಂದ ಭಾಗಿಸಿದರೆ ಬಿಂದು ಎಷ್ಟು ಸರಿಯಿತೆಂದು ಬರುತ್ತದೆ. ರೈಫಲ್ ಹಗುರವಾದಷ್ಟೂ ಭಾಗಿಸುವ ಸಂಖ್ಯೆ ಚಿಕ್ಕದು, ಸರಿಯುವುದು ಹೆಚ್ಚು. ಅಂದರೆ ಸಾವಿರಾರು ಡಾಲರ್ ಕೊಟ್ಟು ರೈಫಲಿನ ನಡುವಿನಿಂದ ಅರ್ಧ ಕಿಲೋ ತೆಗೆಸಿದವರಿಗೆ ತುದಿಯ ಸಪ್ರೆಸರ್ ಇನ್ನಷ್ಟು ಭಾರವಾಗಿ ಕಾಣುತ್ತದೆ. ಹಗುರತನದ ಜಾಹೀರಾತುಗಳಲ್ಲಿ ಇದನ್ನು ಯಾರೂ ಬರೆದದ್ದು ನಾನು ನೋಡಿಲ್ಲ.

ಅಕ್ಕ ಮತ್ತೆ ಕಿಂಬರ್ ಎತ್ತಿಕೊಂಡರು. ಈ ಸಲ ಎಡ ಮುಂಗೈ ಬೇಗನೆ ಸೋತಿತು. ಅವರದು ಗಿಡ್ಡ ತೋಳು, ಮುಂದೆ ಸರಿದ ಬಿಂದುವಿನ ಅಡಿಗೆ ಕೈ ಚಾಚಿದರೆ ಮೊಣಕೈ ಪೂರ್ತಿ ನೆಟ್ಟಗಾಗುತ್ತಿತ್ತು. ಮೊಣಕೈ ಮಡಚಿ ಪಕ್ಕೆಲುಬಿಗೋ ಮೊಣಕಾಲಿಗೋ ಆನಿಸದೆ ಕುಳಿತು ಹೊಡೆಯುವುದೆಂದರೆ ಬರಿ ಸ್ನಾಯುವಿನ ಬಲದಲ್ಲಿ ಹಿಡಿದಂತೆ. ತುದಿಯಲ್ಲಿ ಭಾರ ಬೇಕು, ಆದರೆ ಅದು ಹೊಡೆಯುವವರ ತೋಳಿನ ಅಳತೆಯೊಳಗೆ ಇರಬೇಕು.

ಇದಕ್ಕೆ ಇಲ್ಲಿನ ಕೋವಿ ಕೆಲಸದವರು ಮಾಡುವ ಪರಿಹಾರ ನಳಿಗೆಯನ್ನು ಗಿಡ್ಡ ಮಾಡುವುದು. 57 ಸೆಂ.ಮೀ.ಯನ್ನು 46ಕ್ಕೆ ಕತ್ತರಿಸಿ, ಹೊಸ ಬಾಯಿಯನ್ನು ಚೊಕ್ಕಟವಾಗಿ ಕಡೆದು, ಥ್ರೆಡ್ ಹಾಕಿ, ಓವರ್-ಬ್ಯಾರಲ್ ಎನ್ನುವ ಬಗೆಯ ಸಪ್ರೆಸರ್ ಕೂರಿಸುತ್ತಾರೆ. ಅದರ ಹಿಂಭಾಗ ನಳಿಗೆಯನ್ನು ಒಳಗೊಂಡು ಹಿಂದಕ್ಕೆ ಬರುವುದರಿಂದ ಬಾಯಿಯ ಮುಂದೆ ಉಳಿಯುವುದು ಒಂದು ಗೇಣಿಗೂ ಕಡಿಮೆ. ಕತ್ತರಿಸಿದ ನಳಿಗೆಯನ್ನು ಮತ್ತೆ ಉದ್ದ ಮಾಡಲಾಗದು. ಆದ್ದರಿಂದ ಕ್ಲಬ್ಬಿನಲ್ಲಿ ಒಬ್ಬರ ಬಳಿ ಹೀಗೆಯೇ ಮಾಡಿಸಿದ ಟಿಕ್ಕಾ ಇದ್ದದ್ದನ್ನು ಕೇಳಿ ತಂದು ತೂಗಿದೆವು. ನಳಿಗೆಯ ತುಂಡು ಹೋದದ್ದು ಬರಿ 110 ಗ್ರಾಂನಷ್ಟು. ಆದರೆ ಅದು ಅತ್ಯಂತ ದೂರದ 110 ಗ್ರಾಂ. 330 ಗ್ರಾಂ ಸಪ್ರೆಸರ್ ಹಾಕಿದ ಮೇಲೂ ಬಿಂದು ಮೊದಲಿಗಿಂತ ಸರಿದದ್ದು ಎರಡೂಕಾಲು ಸೆಂ.ಮೀ. ಮಾತ್ರ. ಅಕ್ಕನ ಕೈ ಮೊಣಕೈ ಮಡಚಿಯೇ ಅಲ್ಲಿಗೆ ತಲುಪಿತು.

ನಳಿಗೆ ಗಿಡ್ಡವಾದರೆ ಗುಂಡಿನ ವೇಗ ಇಳಿಯುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ಇಂಥ ತೋಟಾಗಳಲ್ಲಿ ಇಂಚಿಗೆ ಸೆಕೆಂಡಿಗೆ ಆರರಿಂದ ಎಂಟು ಮೀಟರಿನಷ್ಟು ಇಳಿಯುತ್ತದೆ. 11 ಸೆಂ.ಮೀ.ಗೆ ಸುಮಾರು 30 ಮೀಟರ್. 850ರ ಆಸುಪಾಸಿನಲ್ಲಿ ಹೊರಡುವ ಗುಂಡು 820ರಲ್ಲಿ ಹೊರಟಿತು ಅಷ್ಟೇ. 300 ಮೀಟರಿನಲ್ಲಿ ಥಾರ್‌ಗೆ ಅದರ ವ್ಯತ್ಯಾಸ ತಿಳಿಯದು, ಸ್ಕೋಪನ್ನು ಹೊಸದಾಗಿ ಹೊಂದಿಸಿಕೊಂಡರೆ ಹೊಡೆಯುವವರಿಗೂ ತಿಳಿಯದು.

ಕಿಂಬರನ್ನೂ ಹೀಗೆಯೇ ಗಿಡ್ಡ ಮಾಡಿಸಬಹುದಿತ್ತು. ಮಾಡಿಸಿದ್ದರೆ ತೂಕ 3.1ಕ್ಕೆ ಇಳಿಯುತ್ತಿತ್ತು, ಬಿಂದುವೂ ಹದಕ್ಕೆ ಬರುತ್ತಿತ್ತು. ಅಕ್ಕನ ಗಂಡ ಇದನ್ನೇ ಹಿಡಿದು ವಾದಿಸಿದರು, ಮತ್ತು ವಾದ ಪೊಳ್ಳಲ್ಲ. ಅದಕ್ಕೆ ಉತ್ತರ ಕಾಗದದ ಮೇಲೆ ಸಿಗುವಂಥದ್ದಲ್ಲವಾದ್ದರಿಂದ ಗುರಿ ಅಭ್ಯಾಸದ ರೇಂಜಿಗೆ ಹೋದೆವು.

ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿ ಹೊಡೆದಾಗ ಎರಡರ ಗುಂಡುಗಳು ಹರಡಿದ ಅಗಲದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ರೇಂಜಿನ ಹಿಂದಿನ ದಿಬ್ಬವನ್ನು ಬೆನ್ನುಚೀಲ ಹೊತ್ತು ಓಡುನಡಿಗೆಯಲ್ಲಿ ಹತ್ತಿಳಿದು, ಕುಳಿತು, ಕೂಡಲೇ ಹೊಡೆಯುವ ಪರೀಕ್ಷೆ. 100 ಮೀಟರಿನಲ್ಲಿ ಗಿಡ್ಡ ಟಿಕ್ಕಾದ ಗುಂಡುಗಳು ಅಂಗೈಯಗಲದೊಳಗೆ ಬಿದ್ದವು. ಕಿಂಬರಿನವು ಊಟದ ತಟ್ಟೆಯಗಲಕ್ಕೆ ಹರಡಿದವು. ರೈಫಲ್ ಕೆಟ್ಟದ್ದೆಂದಲ್ಲ. ಹಗುರ ರೈಫಲ್ ಹಿಡಿತದ ಪ್ರತಿಯೊಂದು ತಪ್ಪನ್ನೂ ಗುರಿಹಲಗೆಗೆ ವರದಿ ಮಾಡುತ್ತದೆ. ಅದೇ ಕಿಂಬರಿನಿಂದ ಅದರ ಮಾಲೀಕರು, ಆರಡಿಯ ಹಳೆಯ ಜಿಂಕೆ ಬೇಟೆಗಾರರು, ಏದುಸಿರಿನಲ್ಲೂ ಅಂಗೈಯಗಲಕ್ಕೇ ಹೊಡೆದರು. ಅವರಿಗೆ ನಾನು ಟಿಕ್ಕಾ ಕೊಳ್ಳಿರೆಂದು ಹೇಳುತ್ತಿರಲಿಲ್ಲ.

ಒದೆತದ ಲೆಕ್ಕವನ್ನೂ ಹಾಕಿದ್ದೆ. ಒಂದೇ ತೋಟಾಕ್ಕೆ ಒದೆತದ ಶಕ್ತಿ ರೈಫಲಿನ ತೂಕಕ್ಕೆ ವಿಲೋಮ: ತೂಕ ಅರ್ಧವಾದರೆ ಒದೆತ ಇಮ್ಮಡಿ. ಸಪ್ರೆಸರಿನಿಂದ ತಗ್ಗುವ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ 3.7 ಕೆ.ಜಿ.ಯಲ್ಲಿ ಸುಮಾರು 17 ಜೂಲ್, 3.1ರಲ್ಲಿ 20. ಅವರು ಹೊರಲಾರೆನೆಂದ 4.6 ಕೆ.ಜಿ.ಯ .270ರಲ್ಲಿ ಇದ್ದದ್ದೂ 17ರ ಹತ್ತಿರವೇ. ಮೂರು ಜೂಲ್ ಎಂದರೆ ಹೆಚ್ಚೇನಲ್ಲ ಎನಿಸಬಹುದು. ಆದರೆ ಹಗುರ ರೈಫಲ್ ಒದೆಯುವ ವೇಗವೂ ಹೆಚ್ಚು, ಹೆಗಲಿಗೆ ಅದು ತಳ್ಳಿದಂತಲ್ಲ, ಗುದ್ದಿದಂತೆ ತಾಗುತ್ತದೆ. ಅಕ್ಕ ಕಿಂಬರಿನಲ್ಲಿ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚತೊಡಗಿದ್ದನ್ನು ನಾನೂ ಕಂಡೆ, ಅವರ ಗಂಡನೂ ಕಂಡರು. ವಾದ ಅಲ್ಲಿಗೆ ನಿಂತಿತು.

ಇನ್ನೊಂದು ಸಣ್ಣ ಸಂಗತಿಯನ್ನು ಜನ ತೂಕದ ಮಾತಿನಲ್ಲಿ ಸೇರಿಸುವುದೇ ಇಲ್ಲ. ಟ್ರಿಗರ್ ಎಳೆಯಲು ಬೇಕಾಗುವ ಬಲ. ಮೂರು ಕಿಲೋ ರೈಫಲಿಗೆ ಎರಡು ಕಿಲೋ ಎಳೆತದ ಟ್ರಿಗರ್ ಇದ್ದರೆ ಬೆರಳೇ ರೈಫಲನ್ನು ಕದಲಿಸುತ್ತದೆ. ಟಿಕ್ಕಾದ್ದನ್ನು ಒಂದರಿಂದ ಎರಡು ಕಿಲೋ ನಡುವೆ ಹೊಂದಿಸಬಹುದು. ಚಳಿಗೆ ಕೈಗವಸು ಹಾಕಿ ಹೊಡೆಯಬೇಕಾದ್ದರಿಂದ ತೀರ ಹಗುರ ಮಾಡದೆ 1.3ರ ಬಳಿ ನಿಲ್ಲಿಸಿದೆವು. ಸ್ಟಾಕಿನ ಉದ್ದವನ್ನೂ ನೋಡಬೇಕಾಯಿತು. ದಪ್ಪ ಜಾಕೆಟ್ ಹಾಕಿದಾಗ ಕಾರ್ಖಾನೆಯ ಉದ್ದ ಅವರಿಗೆ ಹೆಚ್ಚಾಗಿ, ಕಣ್ಣು ಸ್ಕೋಪಿನಿಂದ ದೂರ ಉಳಿಯುತ್ತಿತ್ತು. ಸ್ಟಾಕಿನ ಹಿಂಬದಿಯನ್ನು ಒಂದೂವರೆ ಸೆಂ.ಮೀ. ಕತ್ತರಿಸಿ ರಬ್ಬರ್ ಪ್ಯಾಡನ್ನು ಮತ್ತೆ ಕೂರಿಸಿದರು. ಇದರಿಂದ ಹಿಂದಿನ ಭಾರ ಕೊಂಚ ಇಳಿದು ಬಿಂದು ಮತ್ತೆ ಕೂದಲೆಳೆಯಷ್ಟು ಮುಂದೆ ಹೋಯಿತು. ಅದನ್ನು ಸರಿಪಡಿಸಲು ಸ್ಟಾಕಿನೊಳಗೆ ಸೀಸ ತುಂಬುವ ಸಲಹೆಯೂ ಬಂದಿತ್ತು. ಹಗುರ ರೈಫಲ್ ಕೊಂಡು ಸೀಸ ತುಂಬುವವರಿದ್ದಾರೆ, ನಿಜ. ನಾವು ಮಾಡಲಿಲ್ಲ.

ಅಂತಿಮ ಲೆಕ್ಕ ಹೀಗೆ ನಿಂತಿತು: ಗಿಡ್ಡ ಮಾಡಿದ ರೈಫಲ್ 2.8 ಕೆ.ಜಿ., ಸ್ಕೋಪ್ 360 ಗ್ರಾಂ, ಅಲ್ಯುಮಿನಿಯಂ ಬಳೆಗಳು 60, ಸಪ್ರೆಸರ್ 330, ಪಟ್ಟಿ 60, ನಾಲ್ಕು ತೋಟಾ 90. ಒಟ್ಟು 3.7. ಅಕ್ಕ ಹಾಕಿದ್ದ ಮಿತಿಗಿಂತ 200 ಗ್ರಾಂ ಹೆಚ್ಚು. ಅವರು ಬಿಡಲಿಲ್ಲ, ಮಿತಿ ಎಂದರೆ ಮಿತಿ. ಬೆನ್ನುಚೀಲ ಬಿಚ್ಚಿಸಿದೆ. ಎರಡು ಟಾರ್ಚ್, ಉಕ್ಕಿನ ಫ್ಲಾಸ್ಕ್, ಅಡುಗೆಮನೆಯಿಂದ ನೇರ ಬಂದಂಥ ಒಂದು ಚಾಕು. ಫ್ಲಾಸ್ಕಿನ ಬದಲು ಪ್ಲಾಸ್ಟಿಕ್ ಬಾಟಲಿ ಇಟ್ಟ ಕೂಡಲೇ 200 ಗ್ರಾಂ ಸಿಕ್ಕಿತು, ಮೇಲೆ ಇನ್ನಷ್ಟು. ಚೀಲದಲ್ಲಿರುವ ಭಾರ ಸೊಂಟದ ಮೇಲೆ ಕೂರುತ್ತದೆ, ಗುರಿ ಹಿಡಿಯುವಾಗ ಅದಕ್ಕೆ ಯಾವ ಪಾತ್ರವೂ ಇಲ್ಲ. ಹಗುರ ಮಾಡುವ ಹಂಬಲವನ್ನು ಮೊದಲು ಅಲ್ಲಿ ತೀರಿಸಿಕೊಂಡು ಆಮೇಲೆ ರೈಫಲಿಗೆ ಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳುವವರು ಕಡಿಮೆ. ಹೊಸ ಬಾಟಲಿ ಕೊಳ್ಳುವುದರಲ್ಲಿ ಹೊಸ ರೈಫಲಿನ ಖುಷಿ ಇರುವುದಿಲ್ಲ.

ಕೊಂಡ ರೈಫಲನ್ನು ತಮ್ಮ ಪರವಾನಗಿಯ ಮೇಲೆ, 2023ರಲ್ಲಿ ಶುರುವಾದ ರಾಷ್ಟ್ರೀಯ ನೋಂದಣಿಗೆ ಸೇರಿಸಿ, ಅಕ್ಕ ಜೂನಿನಲ್ಲಿ ಗಂಡನೊಡನೆ ಕಣಿವೆಗೆ ಹೋದರು. ಅದು ಗಂಡು ಥಾರ್‌ಗಳು ಕೇಸರ ಬಿಟ್ಟುಕೊಂಡು ಹೆಣ್ಣುಗಳ ಹಿಂದೆ ಇಳಿಯುವ ಕಾಲ. ಒಂದು ದೊಡ್ಡ ಗಂಡು ಕಂಡಿತಂತೆ, ಬಂಡೆಯ ಅಂಚಿನಲ್ಲಿ. ಹೊಡೆದರೆ ಕೆಳಗಿನ ಕಮರಿಗೆ ಬೀಳುತ್ತಿತ್ತು, ತರಲಾಗದು ಎಂದು ಬಿಟ್ಟರು. ಮರುದಿನ ಒಂದು ಹೆಣ್ಣು, 180 ಮೀಟರಿನಲ್ಲಿ, ಕುಳಿತು, ಬೆನ್ನುಚೀಲಕ್ಕೆ ಒರಗಿಸಿ. ಒಂದೇ ಗುಂಡು. ಮಾಂಸವನ್ನು ಮೂಳೆ ಬಿಡಿಸಿ ಹೊತ್ತು ತಂದು, ಊರಿನಿಂದ ತರಿಸಿಟ್ಟ ಕಾಚಂಪುಳಿ ಹಾಕಿ ಪಂದಿಕರಿಯ ರೀತಿಯಲ್ಲೇ ಮಾಡಿ ನಮ್ಮನ್ನೂ ಕರೆದಿದ್ದರು. ಹೆಣ್ಣು ಥಾರ್‌ನ ಮಾಂಸಕ್ಕೆ ಹುಳಿ ಚೆನ್ನಾಗಿ ಹೊಂದುತ್ತದೆ.

ಅವರ ದೂರು ಎರಡು. ರೈಫಲನ್ನು ಹೆಗಲಿಗೆ ತೂಗುಹಾಕಿ ಮಟಗೌರಿಯೊಳಗೆ ನುಗ್ಗುವಾಗ ಸಪ್ರೆಸರಿನ ತುದಿ ಕೊಂಬೆಗಳಿಗೆ ಈಗಲೂ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ ಎಂದೆ. ಆದರೆ ಮತ್ತೆ ಹಾಕಿದಾಗ ಗುಂಡು ಬೀಳುವ ಜಾಗ ಬದಲಾಗಿಲ್ಲವೆಂದು ರೇಂಜಿನಲ್ಲಿ ಮೊದಲೇ ಖಾತ್ರಿ ಮಾಡಿಕೊಂಡಿರಬೇಕು, ಮತ್ತು ಸಪ್ರೆಸರ್ ಇಲ್ಲದಿರುವಾಗ ಹೊಡೆಯಲೇಬಾರದು. ಎರಡನೆಯದು, ಟಿಕ್ಕಾದ ಪ್ಲಾಸ್ಟಿಕ್ ಸ್ಟಾಕ್ ಒಳಗೆ ಟೊಳ್ಳು, ಕಲ್ಲಿಗೆ ತಾಗಿದರೆ ಡಬ್ಬದಂತೆ ಸದ್ದು ಮಾಡುತ್ತದೆ. ಕಾರ್ಬನ್ ಸ್ಟಾಕಿಗೆ ಬದಲಿಸಿದರೆ ಸದ್ದೂ ಹೋಗುತ್ತದೆ, ತೂಕವೂ ಒಂದಿಷ್ಟು ಇಳಿಯುತ್ತದೆ ಎಂದು ಅಂಗಡಿಯವರು ಅವರ ತಲೆಯಲ್ಲಿ ತುಂಬಿದ್ದಾರೆ. ಇಳಿಯುವುದು ಹಿಂಬದಿಯ ತೂಕವಾದರೆ ತುದಿ ಮತ್ತೆ ಬಾಗುತ್ತದೆ. ಸದ್ಯಕ್ಕೆ ಹಿಂಬದಿಯ ಟೊಳ್ಳಿಗೆ ಸ್ಪಂಜು ತುರುಕಿ ಕೊಟ್ಟಿದ್ದೇನೆ.